ಹಳೆ ಎಂಜಿಬಿಗೆ ಅಗಲ ಟೈರ್: ಎಷ್ಟು ಅಗಲ ಸಾಕು?

[ದೃಶ್ಯ: ಕಲಬುರಗಿ. ಬೆಳಗಿನ ಆರು ಗಂಟೆ. ಶಹಾಬಾದ್ ಕಲ್ಲು ಹಾಸಿದ ಅಂಗಳದಲ್ಲಿ ಎರಡು ಸೀಟಿನ ಹಸಿರು ಕಾರು. ಕ್ಯಾಮೆರಾ ಹಿಂದಿನ ಎಡ ಚಕ್ರದ ಹತ್ತಿರ ಹೋಗುತ್ತದೆ.]

ನಮಸ್ಕಾರ್ರೀ. ಇದು ನಮ್ಮ ಕಾಕಾ ಅವರ ಎಂಜಿಬಿ. ಇಂಗ್ಲೆಂಡಿನಲ್ಲಿ 1962ರಿಂದ 1980ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು. 1798 ಸಿಸಿ ಇಂಜಿನ್. ಪವರ್ ಸ್ಟೇರಿಂಗ್ ಇಲ್ಲ. ಚಕ್ರ ನೋಡಿ, ಸೈಕಲ್ ಥರ ಕಡ್ಡಿ ಇರುವ ರಿಮ್.

ಕಾಕಾ ಇದನ್ನು ಹೈದರಾಬಾದಿನಿಂದ ತಂದಾಗ ಇದರಲ್ಲಿ 195/60 ಆರ್14 ಸೈಜಿನ ಅಗಲ ಟೈರ್ ಇದ್ದವು (ಅಂಕಿಗಳ ಅರ್ಥ ಆಮೇಲೆ ಹೇಳ್ತೀನಿ). ನೋಡೋಕೆ ಭರ್ಜರಿ. ಆದರೆ ನಮ್ಮ ಓಣಿಯ ಹಂಪ್ ದಾಟುವಾಗ ಸೈಲೆನ್ಸರ್ ಪೈಪು ಕರ್ ಅಂತ ಉಜ್ಜಿತು. ತಿರುವಿನಲ್ಲಿ ಎಡಗಡೆ ಹಿಂದಿನಿಂದ ಸುಟ್ಟ ರಬ್ಬರ್ ವಾಸನೆ. ಸೂಪರ್ ಮಾರ್ಕೆಟ್ ಹತ್ತಿರ ಪಾರ್ಕ್ ಮಾಡೋಷ್ಟರಲ್ಲಿ ಕಾಕಾ ಅವರ ಭುಜ ಹಿಡಿದುಕೊಂಡಿತ್ತು. ಅಷ್ಟಾದರೂ ಅವರ ಪ್ರಶ್ನೆ ಇದು: "ತಮ್ಮಾ, ಇನ್ನೊಂದೀಟು ಅಗಲ ಹಾಕಿದ್ರ ರೋಡ್ ಛಲೋ ಹಿಡೀತದೇನು?"

ಬಹಳ ಜನ ಕೇಳುವ ಪ್ರಶ್ನೆ ಇದೇ, ಅಲ್ವಾ? ಉತ್ತರಕ್ಕೆ ಮೊದಲು ರೊಟ್ಟಿ ಹತ್ತಿರ ಹೋಗೋಣ.

[ದೃಶ್ಯ: ಅಡುಗೆಮನೆ. ಜೋಳದ ಹಿಟ್ಟಿನ ಒಂದು ಉಂಡೆ. ಅದನ್ನು ಮೊದಲು ಉದ್ದಕ್ಕೆ ತಟ್ಟುತ್ತಾರೆ, ಮತ್ತೆ ಮುದ್ದೆ ಮಾಡಿ ಅಗಲಕ್ಕೆ ತಟ್ಟುತ್ತಾರೆ.]

ಉಂಡೆ ಅದೇ, ದಪ್ಪವೂ ಅಷ್ಟೇ. ಉದ್ದಕ್ಕೆ ತಟ್ಟಿದರೂ ಅಗಲಕ್ಕೆ ತಟ್ಟಿದರೂ ರೊಟ್ಟಿ ಆವರಿಸುವ ಜಾಗ ಒಂದೇ. ಟೈರ್ ನೆಲಕ್ಕೆ ತಾಗುವ ಜಾಗವೂ ಹೆಚ್ಚುಕಡಿಮೆ ಹಾಗೇ. ಅದರ ಅಳತೆಯನ್ನು ಬಹುಮಟ್ಟಿಗೆ ತೀರ್ಮಾನಿಸೋದು ಕಾರಿನ ಭಾರ ಮತ್ತು ಒಳಗಿನ ಗಾಳಿ. ಒಂದು ಚಕ್ರದ ಮೇಲೆ 240 ಕಿಲೋ ಭಾರ, ಗಾಳಿಯ ಒತ್ತಡ 24 ಪಿಎಸ್‌ಐ (ಗಾಳಿ ತುಂಬಿಸುವಾಗ ನಾವು ಹೇಳುವ ಅಂಕಿ) ಅಂದುಕೊಳ್ಳಿ. ಆಗ ನೆಲಕ್ಕೆ ತಾಗುವುದು ಸುಮಾರು 140 ಚದರ ಸೆಂಟಿಮೀಟರ್. ಬೆರಳು ಸೇರಿಸಿ ನಿಮ್ಮ ಒಂದು ಕೈಯಷ್ಟು. ಅಗಲ ಟೈರ್ ಹಾಕಿದರೆ ಆ ಜಾಗದ ಆಕಾರ ಬದಲಾಗುತ್ತೆ. ಉದ್ದ ಕಡಿಮೆ, ಅಗಲ ಜಾಸ್ತಿ.

ಆ ಆಕಾರಕ್ಕೂ ಬೆಲೆ ಇದೆ, ಇಲ್ಲ ಅನ್ನಲ್ಲ. ಒಣ ರಸ್ತೆಯ ತಿರುವಿನಲ್ಲಿ ಅಗಲ ಟೈರ್ ಚೆನ್ನಾಗಿ ಹಿಡಿಯುತ್ತೆ. ಆದರೆ ಮಳೆಯಲ್ಲಿ ಕಥೆ ತಿರುಗುತ್ತೆ. ನೀರನ್ನು ಸೀಳಿಕೊಂಡು ನೆಲ ಮುಟ್ಟೋದು ಕಿರಿದಾದ ಟೈರಿಗೆ ಸುಲಭ. ಹಗುರ ಕಾರಿನ ಅಗಲ ಟೈರ್ ನೀರಿನ ಮೇಲೆ ಬೇಗ ತೇಲುತ್ತೆ. ಇನ್ನು ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ. ಅದರ ಮೇಲಿನ ರಸ್ತೆಯೂ ಜೊತೆಗೇ ಅಲೆ ಅಲೆಯಾಗುತ್ತೆ. ಲಾರಿ ಓಡಾಡಿ ಗಾಲಿ ಜಾಡು ಬಿದ್ದ ಕಡೆ ಅಗಲ ಟೈರ್ ಆ ಜಾಡನ್ನೇ ಹಿಡಿದು ಹೋಗುತ್ತೆ. ಸ್ಟೇರಿಂಗ್ ಕೈಯಲ್ಲಿ ಎಳೆದಾಡುತ್ತೆ.

ಈ ಕಾರಿನ ಸಸ್ಪೆನ್ಷನ್ ಮಾಡಿದವರು ಕಿರಿದಾದ ಟೈರನ್ನೇ ಮನಸ್ಸಿನಲ್ಲಿಟ್ಟು ಮಾಡಿದ್ದು. ಅದು ಜಾರುವ ಮುಂಚೆ ಸ್ಟೇರಿಂಗಿನಲ್ಲೇ ಗೊತ್ತಾಗುತ್ತೆ, ನಿಧಾನಕ್ಕೆ ಜಾರುತ್ತೆ. ಆ ಸುಖಕ್ಕೇ ತಾನೇ ನಾವು ಹಳೆ ಸ್ಪೋರ್ಟ್ಸ್ ಕಾರು ಇಟ್ಟುಕೊಳ್ಳೋದು?

ಈಗ ಲೆಕ್ಕ.

[ತೆರೆಯ ಮೇಲೆ: 165/80 ಆರ್14]

165 ಅಂದರೆ ಅಗಲ, ಮಿಲಿಮೀಟರಿನಲ್ಲಿ. 80 ಅಂದರೆ ಟೈರ್ ಗೋಡೆಯ ಎತ್ತರ ಅಗಲದ 80 ಶೇಕಡಾ. ಆರ್ ಅಂದರೆ ರೇಡಿಯಲ್, ಈಗಿನ ಕಾರುಗಳಲ್ಲಿ ಇರುವ ಥರದ ಟೈರ್. 14 ಇಂಚು ರಿಮ್. ಹಳೆ ಪುಸ್ತಕದಲ್ಲಿ 165 ಎಸ್‌ಆರ್ 14 ಅಂತ ಮಾತ್ರ ಇದ್ದರೆ ಗಾಬರಿ ಬೇಡ. ಗೋಡೆಯ ಅಂಕಿ ಬರೆಯದ ಕಾಲದಲ್ಲಿ ಅದು ಸುಮಾರು 80 ಅಂತಲೇ ಅರ್ಥ.

165/80 ಟೈರಿನ ಒಟ್ಟು ಎತ್ತರ ಸುಮಾರು 620 ಮಿಲಿಮೀಟರ್. 185/70 ಹಾಕಿದರೆ 615. ಐದೇ ಮಿಲಿಮೀಟರ್ ವ್ಯತ್ಯಾಸ, ಕಾರಿಗೆ ಗೊತ್ತೂ ಆಗಲ್ಲ. ಕಾಕಾ ಅವರ ಕಾರಿನಲ್ಲಿದ್ದ 195/60? 590. ಪೂರಾ 30 ಮಿಲಿಮೀಟರ್ ಕಡಿಮೆ. ಅಂದರೆ ಕಾರು 15 ಮಿಲಿಮೀಟರ್ ನೆಲಕ್ಕೆ ಇಳಿಯಿತು. ಹಂಪ್‌ಗೆ ಪೈಪು ಉಜ್ಜಿದ್ದು ಅದಕ್ಕೇ. 165/80 ಟೈರಿಗೆ ಸರಿಯಾಗಿದ್ದ ವೇಗದ ಮೀಟರ್ ಈಗ 100 ತೋರಿಸಿದರೆ ನಿಜವಾದ ವೇಗ 95. ಇಂಜಿನ್ ಸುಮ್ನೆ ಜಾಸ್ತಿ ತಿರುಗುತ್ತಿತ್ತು.

ಎರಡನೆಯದು ರಿಮ್. ಈ ಕಡ್ಡಿ ರಿಮ್ಮಿನ ಅಗಲ ನಾಲ್ಕೂವರೆ ಇಂಚು. 185/70ಕ್ಕೆ ಬೇಕಾದ ಕನಿಷ್ಠ ಅಗಲ ಅದೇ. ಅಲ್ಲಿಗೆ ನಿಲ್ಲಬೇಕು. ಅದಕ್ಕಿಂತ ಅಗಲದ ಟೈರನ್ನು ಇದಕ್ಕೆ ತುರುಕಿದರೆ ಬುಡದಲ್ಲಿ ಹಿಂಡಿದ ಹಾಗಾಗುತ್ತೆ, ಗೋಡೆ ಬಲೂನಿನಂತೆ ಉಬ್ಬುತ್ತೆ. ತಿರುವಿನಲ್ಲಿ ಕಾರು ಒಂದು ಕಡೆ, ಟೈರ್ ಇನ್ನೊಂದು ಕಡೆ. ಅಗಲ ರಿಮ್ ಇದ್ದರೆ ಲೆಕ್ಕ ಬೇರೆ.

[ದೃಶ್ಯ: ಗೋಧಿ ಹಿಟ್ಟಿನ ಸಣ್ಣ ಉಂಡೆ. ಕೈ ಅದನ್ನು ಮಡ್‌ಗಾರ್ಡಿನ ಒಳಗೋಡೆಗೆ, ಟೈರ್ ಉಬ್ಬಿರುವ ಜಾಗದ ಎದುರಿಗೆ ಅಂಟಿಸುತ್ತದೆ.]

ಇದನ್ನು ನಿಧಾನವಾಗಿ ನೋಡಿ. ದುಡ್ಡು ಕೊಡುವ ಮುಂಚೆ ಮಾಡಲೇಬೇಕಾದ ಕೆಲಸ. ಟೈರ್ ಮತ್ತು ಬಾಡಿ ನಡುವೆ ಎಷ್ಟು ಸಂದು ಇದೆ ಅಂತ ಬೆರಳು ಹಾಕಿ ಹೇಳೋಕಾಗಲ್ಲ. ಉಂಡೆಯನ್ನು ಒಳಗಡೆ ಒಂದು, ಹೊರ ಅಂಚಿಗೆ ಒಂದು ಅಂಟಿಸಿ. ಜೋಳದ ಹಿಟ್ಟು ಬೇಡ, ಬಿರುಕು ಬಿಟ್ಟು ಉದುರುತ್ತೆ. ಡಿಕ್ಕಿಯ ಹತ್ತಿರ ಇಬ್ಬರನ್ನು ಕೂರಿಸಿ ಕಾರು ತುಸು ಮುಂದೆ ತಳ್ಳಿ. ಮುಂದಿನ ಚಕ್ರಕ್ಕಾದರೆ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ. ಆಮೇಲೆ ಉಂಡೆ ಬಿಡಿಸಿ ದಪ್ಪ ಅಳೆಯಿರಿ.

[ದೃಶ್ಯ: ಹತ್ತಿರದಿಂದ. ಎರಡು ಉಂಡೆ, ಪಕ್ಕದಲ್ಲಿ ಸ್ಕೇಲ್. ಒಂದರ ಮೇಲೆ ಟೈರಿನ ಅಕ್ಷರಗಳ ಅಚ್ಚು ಮೂಡಿದೆ.]

195 ಟೈರಿನಲ್ಲಿ ನಮಗೆ ಸಿಕ್ಕಿದ್ದು ನೋಡಿ. ಹಿಂದೆ ಬಲಗಡೆ 17 ಮಿಲಿಮೀಟರ್. ಎಡಗಡೆ ಬರೀ 5. ಹಳೆ ಕಾರಿನಲ್ಲಿ ಹಿಂದಿನ ಆಕ್ಸಲ್ ಸರಿಯಾಗಿ ನಡುವೆ ಇರುತ್ತೆ ಅಂತ ನಂಬಬೇಡಿ. ಎರಡೂ ಕಡೆ ಅಳೆಯಿರಿ. ಆ ವಾಸನೆ ಎಲ್ಲಿಂದ ಬಂತು ಅಂತ ಅವತ್ತು ತಿಳಿಯಿತು.

"ಮಡ್‌ಗಾರ್ಡ್ ಅಂಚು ಜರಾ ಕೊಯ್ಸಿದ್ರ ಆಯ್ತು" ಅಂತ ಗ್ಯಾರೇಜಿನಲ್ಲಿ ಸಲಹೆ ಬಂತು. ದಯವಿಟ್ಟು ಬೇಡ. 50 ವರ್ಷ ದಾಟಿದ ಕಾರುಗಳಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂದಿದೆ. ಬಾಡಿ, ಚಾಸಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು ಅನ್ನೋದು ಅದರ ಷರತ್ತು. ನಿಯಮ ಒತ್ತಟ್ಟಿಗಿರಲಿ, ಅರ್ಧ ಶತಮಾನ ಉಳಿದುಕೊಂಡು ಬಂದ ತಗಡನ್ನು ಒಂದು ಟೈರಿಗಾಗಿ ಕತ್ತರಿಸೋಕೆ ನನಗಂತೂ ಕೈ ಬರಲ್ಲ.

ಅಗಲಕ್ಕಿಂತ ಮೊದಲು ನೋಡಬೇಕಾದ್ದು ವಯಸ್ಸು.

[ದೃಶ್ಯ: ಟೈರ್ ಗೋಡೆಯ ಮೇಲೆ ನಾಲ್ಕು ಅಂಕಿ: 2314]

23ನೇ ವಾರ, 2014. ಕಾಕಾ ಅವರ ಕಾರಿನಲ್ಲಿದ್ದ ಟೈರ್ ಇದು. ಮೇಲಿನ ಗೀರುಗಳು ಇನ್ನೂ ಆಳವಾಗಿವೆ, ಹೊಸದರಂತೆ ಕಾಣುತ್ತೆ. ಆದರೆ ಉಗುರಿನಿಂದ ಒತ್ತಿ. ಕಲ್ಲು. ಗೋಡೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು. ಇಂಥ ಕಾರು ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಟೈರ್ ಸವೆಯಲ್ಲ, ನಮ್ಮ ಬಿಸಿಲಿಗೆ ಒಣಗಿ ಸಾಯುತ್ತೆ. ಆರು ವರ್ಷ ಆದ ಮೇಲೆ ಪ್ರತಿ ವರ್ಷ ತೋರಿಸಿ. ಹತ್ತು ದಾಟಿದರೆ ಹೇಗೇ ಕಾಣಲಿ, ತೆಗೆಯಿರಿ.

ನಾವು ಕೊನೆಗೆ ಹಾಕಿಸಿದ್ದು 165/80 ಆರ್14. ಮಾರುತಿ ಸ್ವಿಫ್ಟ್‌ನ ಕಡಿಮೆ ಬೆಲೆಯ ಮಾಡೆಲ್‌ಗಳಿಗೆ ಬರುತ್ತಿದ್ದ ಸೈಜ್ ಅದೇ. ಹಾಗಾಗಿ ಕಲಬುರಗಿಯಲ್ಲೇ ಹೊಸ ಮಾಲು ಸಿಕ್ಕಿತು. ನಿಮ್ಮ ಕಾರಿನಲ್ಲಿ ಎಡಗಡೆ ಸಂದು ಸಾಕಷ್ಟಿದ್ದರೆ 185/70 ಹಾಕಿ, ನಾನು ಬೇಡ ಅನ್ನಲ್ಲ. ನಾಲ್ಕೂ ಒಂದೇ ಥರ ಇರಲಿ. ರೇಡಿಯಲ್ ಮತ್ತು ಹಳೆ ನೈಲಾನ್ ಟೈರ್ ಬೆರೆಸಲೇಬೇಡಿ.

ಕಡ್ಡಿ ರಿಮ್ ಇದ್ದವರಿಗೆ ಒಂದು ಮಾತು. ಕಡ್ಡಿಯ ತೂತಿನಿಂದ ಗಾಳಿ ಹೋಗುತ್ತೆ, ಹಾಗಾಗಿ ಒಳಗೆ ಟ್ಯೂಬ್ ಬೇಕೇ ಬೇಕು. ಅದೂ ರೇಡಿಯಲ್ ಟೈರಿಗೆ ಹೊಂದುವ, ಅದೇ ಸೈಜಿನ ಟ್ಯೂಬ್. ರಿಮ್ಮಿನ ಮೇಲೆ ರಬ್ಬರ್ ಪಟ್ಟಿ ಹಾಕಿಸದಿದ್ದರೆ ಕಡ್ಡಿಯ ತುದಿ ಟ್ಯೂಬನ್ನು ಕೊರೆಯುತ್ತೆ. ಗಾಳಿ ತುಂಬಿಸುವಾಗ ಪಕ್ಕದಲ್ಲೇ ನಿಲ್ಲಿ. ಈಗಿನ ಕಾರಿನ ಅಂದಾಜಿಗೆ 33 ತುಂಬಿಸಿಬಿಟ್ಟರೆ ಈ ಹಗುರ ಕಾರು ಚೆಂಡಿನಂತೆ ಪುಟಿಯುತ್ತೆ. ಕಾರಿನ ಪುಸ್ತಕ ಹೇಳಿದ ಅಂಕಿಯಿಂದ ಶುರು ಮಾಡಿ, ಟೈರ್ ತಣ್ಣಗಿರುವಾಗಲೇ ಅಳೆಯಿರಿ.

[ದೃಶ್ಯ: ಹುಮನಾಬಾದ್ ರಸ್ತೆ. ಚಹಾ ಅಂಗಡಿಯ ಪಕ್ಕ ನಿಂತ ಕಾರು. ಕಾಕಾ ತಾಮ್ರದ ಸುತ್ತಿಗೆ ಹಿಡಿದು ಚಕ್ರದ ನಡುವಿನ ದೊಡ್ಡ ನಟ್ಟಿಗೆ ಹೊಡೆಯುತ್ತಾರೆ.]

ಟೈರ್ ಹಾಕಿಸಿ ಸುಮಾರು 50 ಕಿಲೋಮೀಟರ್ ಓಡಿದ ಮೇಲೆ ಈ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು. ನಮ್ಮಲ್ಲಿ ಮೂರು ಅಲುಗಾಡಲಿಲ್ಲ. ಹಿಂದಿನ ಎಡಗಡೆಯದು ಮಾತ್ರ ಎರಡು ಏಟಿಗೆ ಬೆರಳಗಲ ತಿರುಗಿತು.