ಮಾರ್ಷಲ್ ಮ್ಯಾಕ್‌ಮಹೋನರ ರಾಜೀನಾಮೆ

ಕೇಳುಗರಿಗೆ ನಮಸ್ಕಾರ. ಮ್ಯಾಕ್‌ಮಹೋನ್ ಎಂದೊಡನೆ ನಿಮ್ಮಲ್ಲಿ ಹಲವರಿಗೆ ನಮ್ಮ ಈಶಾನ್ಯದ ಗಡಿರೇಖೆ ನೆನಪಾಗಬಹುದು. ಅದಕ್ಕೆ ಹೆಸರು ಕೊಟ್ಟವರು ಬ್ರಿಟಿಷ್ ಅಧಿಕಾರಿ. ನಾನು ಹೇಳಹೊರಟಿರುವುದು ಫ್ರಾನ್ಸಿನ ಮಾರ್ಷಲ್ ಪತ್ರೀಸ್ ದ ಮ್ಯಾಕ್‌ಮಹೋನರ ವಿಷಯ. 1808ರಲ್ಲಿ ಬರ್ಗಂಡಿ ಪ್ರಾಂತದಲ್ಲಿ, ಐರ್ಲೆಂಡ್ ಮೂಲದ ಮನೆತನವೊಂದರಲ್ಲಿ ಹುಟ್ಟಿದ ಇವರು ರಣರಂಗದಲ್ಲಿ ಗೆದ್ದದ್ದಕ್ಕಿಂತ, ಅಧ್ಯಕ್ಷರಾಗಿ ಸೋತಾಗ ನಡೆದುಕೊಂಡ ರೀತಿ ದೊಡ್ಡದು ಎಂಬುದೇ ನನ್ನ ವಾದ.

ಆದರೂ ಸೆವಾಸ್ತೊಪೋಲಿನ ಕಥೆ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಕ್ರಿಮಿಯಾ ಯುದ್ಧದಲ್ಲಿ ಫ್ರೆಂಚರೂ ಇಂಗ್ಲಿಷರೂ ರಷ್ಯದ ಆ ಬಂದರು ನಗರಕ್ಕೆ ಮುತ್ತಿಗೆ ಹಾಕಿ ವರ್ಷ ತುಂಬುತ್ತ ಬಂದಿತ್ತು. ಮಲಕೋಫ್ ಎಂಬ ದಿಬ್ಬದ ಕೋಟೆ ಕೈಗೆ ಬಂದರೆ ನಗರವೇ ಕೈಗೆ ಬಂದಂತೆ. ಫ್ರೆಂಚ್ ಸೈನಿಕರು ಕಂದಕ ತೋಡುತ್ತ ತೋಡುತ್ತ ಕೋಟೆಗೆ ಸುಮಾರು 25 ಮೀಟರ್ ಹತ್ತಿರಕ್ಕೆ ಬಂದು ಕುಳಿತಿದ್ದರು. 1855ರ ಸೆಪ್ಟೆಂಬರ್ 8ರಂದು, ಶತ್ರುವಿಗೆ ಸುಳಿವು ಸಿಗಬಾರದೆಂದು ಸಂಕೇತದ ಗುಂಡನ್ನೂ ಹಾರಿಸದೆ, ಮೊದಲೇ ಒಂದೇ ಹೊತ್ತಿಗೆ ಹೊಂದಿಸಿಟ್ಟುಕೊಂಡಿದ್ದ ಗಡಿಯಾರಗಳನ್ನು ನೋಡಿಕೊಂಡು, ಮಧ್ಯಾಹ್ನ 12 ಆದೊಡನೆ ಮ್ಯಾಕ್‌ಮಹೋನರ ಪಡೆ ಕಂದಕದಿಂದೆದ್ದು ಕೋಟೆಗೆ ನುಗ್ಗಿತು. ಕೋಟೆಯೇನೋ ಸಿಕ್ಕಿತು, ಆದರೆ ಕಾಲಡಿಯಲ್ಲಿ ರಷ್ಯನರು ಮದ್ದು ಹುಗಿದಿಟ್ಟಿರಬಹುದೆಂಬ ಭಯ. ನಿಲ್ಲುತ್ತೀರೋ ಹಿಂದೆ ಸರಿಯುತ್ತೀರೋ ಎಂದು ಕೇಳಿಸಿದಾಗ, ಮ್ಯಾಕ್‌ಮಹೋನರು "ಇಲ್ಲಿದ್ದೇನೆ, ಇಲ್ಲೇ ಇರುತ್ತೇನೆ" ಎಂದರೆಂದು ಪ್ರತೀತಿ. ಆ ರಾತ್ರಿಯೇ ರಷ್ಯನರು ತೇಲುಸೇತುವೆ ದಾಟಿ ನಗರದ ದಕ್ಷಿಣ ಭಾಗವನ್ನು ತೆರವು ಮಾಡಿದರು.

ಜನ ಈ ಒಂದು ಮಾತನ್ನು ಹಿಡಿದುಕೊಂಡು ಉಳಿದದ್ದನ್ನೆಲ್ಲ ಮರೆಯುತ್ತಾರೆ; ನನಗೆ ಬೇಸರವಿರುವುದು ಅಲ್ಲಿಯೇ. ಸಮಯ ಕಡಿಮೆಯಿರುವುದರಿಂದ ಚುಟುಕಾಗಿ ಹೇಳುತ್ತೇನೆ. 1859ರಲ್ಲಿ ಇಟಲಿಯ ಮಜೆಂತಾದಲ್ಲಿ ಆಸ್ಟ್ರಿಯದ ಸೈನ್ಯದ ಮೇಲೆ ಪಡೆದ ಗೆಲುವು ಇವರಿಗೆ ಮಾರ್ಷಲ್ ಪದವಿ ತಂದಿತು. 1870ರಲ್ಲಿ ಪ್ರಷ್ಯದ ವಿರುದ್ಧದ ಸೆಡಾನ್ ಕದನದಲ್ಲಿ ಗಾಯಗೊಂಡರು, ಇವರ ಸೈನ್ಯ ಶರಣಾಯಿತು. ಮರುವರ್ಷ ಪ್ಯಾರಿಸ್ ಕಮ್ಯೂನನ್ನು, ಅಂದರೆ ಸರ್ಕಾರದ ವಿರುದ್ಧ ದಂಗೆಯೆದ್ದು ಜನ ಕಟ್ಟಿಕೊಂಡಿದ್ದ ನಗರಾಡಳಿತವನ್ನು, ಇವರ ಪಡೆಗಳು ರಕ್ತದಲ್ಲಿ ಮುಳುಗಿಸಿದವು. ಆ ಕಲೆ ತೊಳೆದು ಹೋಗುವಂಥದ್ದಲ್ಲ.

1873ರಲ್ಲಿ ಇವರನ್ನು ಅಧ್ಯಕ್ಷರನ್ನಾಗಿ ಮಾಡಿದವರು ರಾಜಪ್ರಭುತ್ವವಾದಿಗಳು. ದೊರೆ ಬರುವವರೆಗೆ ಕುರ್ಚಿ ಕಾಯಲಿ ಎಂಬುದು ಅವರ ಲೆಕ್ಕಾಚಾರ. ದೊರೆ ಬರಲಿಲ್ಲ. 1877ರ ಮೇ 16ರಂದು ಗಣರಾಜ್ಯವಾದಿ ಪ್ರಧಾನಿ ಜೂಲ್ ಸಿಮೋನರನ್ನು ಕೆಳಗಿಳಿಸಿ, ಮುಂದೆ ಗಣರಾಜ್ಯವಾದಿಗಳೇ ಹೆಚ್ಚಿದ್ದ ಕೆಳಸದನವನ್ನೂ ವಿಸರ್ಜಿಸಿ ಮ್ಯಾಕ್‌ಮಹೋನರು ಚುನಾವಣೆಗೆ ಹೋದರು. "ತಲೆಬಾಗಬೇಕು, ಇಲ್ಲವೇ ಕೆಳಗಿಳಿಯಬೇಕು" ಎಂದು ಗಣರಾಜ್ಯವಾದಿಗಳ ನಾಯಕ ಗಂಬೆತಾ ಸಾರಿದರು. ಮತದಾರರು ಗಣರಾಜ್ಯವಾದಿಗಳನ್ನೇ ಮತ್ತೆ ಗೆಲ್ಲಿಸಿದರು.

ಇಲ್ಲಿ ಸ್ವಲ್ಪ ನಿಲ್ಲಿ. ಅದೇ ಫ್ರಾನ್ಸಿನಲ್ಲಿ 1851ರಲ್ಲಿ ಅಧ್ಯಕ್ಷ ಲೂಯಿ ನೆಪೋಲಿಯನ್ ಸೈನ್ಯದ ಬಲದಿಂದ ಶಾಸನಸಭೆಯನ್ನು ಮುಚ್ಚಿಸಿ, ಮರುವರ್ಷ ಚಕ್ರವರ್ತಿಯಾಗಿದ್ದರು. ಮ್ಯಾಕ್‌ಮಹೋನರು ಮಾರ್ಷಲರು, ಜೀವಮಾನವೆಲ್ಲ ಸೈನ್ಯದಲ್ಲಿ ಕಳೆದವರು. ಆದರೂ ಆ ದಾರಿ ಹಿಡಿಯದೆ, ಒಲ್ಲದ ಮನಸ್ಸಿನಿಂದಲೇ ಗಣರಾಜ್ಯವಾದಿಗಳ ಮಂತ್ರಿಮಂಡಲವನ್ನು ಒಪ್ಪಿಕೊಂಡರು. ಕೆಲವು ಸೇನಾನಿಗಳನ್ನು ಹುದ್ದೆಯಿಂದ ತೆಗೆಯುವ ಆದೇಶಕ್ಕೆ ಸಹಿ ಕೇಳಿದಾಗ ಮಾತ್ರ ಒಪ್ಪದೆ, ಅವಧಿ ಇನ್ನೂ ಉಳಿದಿರುವಾಗಲೇ, 1879ರ ಜನವರಿ 30ರಂದು ರಾಜೀನಾಮೆ ಬರೆದುಕೊಟ್ಟರು. ಅದೇ ದಿನ ಜೂಲ್ ಗ್ರೆವಿ ಅಧ್ಯಕ್ಷರಾಗಿ ಆಯ್ಕೆಯಾದರು.