ಆಭಾ ಮಾಡಿಕೊಂಡು ಓಪಿಡಿಗೆ ಬನ್ನಿ

ಕೇಳುಗರಿಗೆ ನಮಸ್ಕಾರ. ಶ್ರೀನಿವಾಸಪುರ, ಮುಳಬಾಗಿಲು, ಮಾಲೂರು ಕಡೆಯಿಂದ ಮೊದಲ ಬಸ್ಸಿಗೇ ಹೊರಟು ಕೋಲಾರಕ್ಕೆ ಆಸ್ಪತ್ರೆಗೆಂದು ಬರುವವರಿಗೆ ಇವತ್ತು ನನ್ನದು ಒಂದೇ ಮಾತು. ಬರುವ ಮುಂಚೆ, ಮನೆಯಲ್ಲೇ, ಫೋನಿನಲ್ಲಿ ಆಭಾ ನಂಬರ್ ಮಾಡಿಕೊಳ್ಳಿ.

ಆಭಾ ಅಂದರೆ 14 ಅಂಕಿಯ ಆರೋಗ್ಯ ಖಾತೆ. ಕಾಸು ಕೊಡಬೇಕಿಲ್ಲ. ಆಭಾ ಆ್ಯಪ್‌ನಲ್ಲಿ ಆಧಾರ್ ನಂಬರ್ ಹಾಕಿ, ಓಟಿಪಿ ಕೊಟ್ಟರೆ ಆಯಿತು. ಆಧಾರ್‌ಗೆ ಜೋಡಿಸಿದ ಫೋನು ಮಾತ್ರ ಕೈಯಲ್ಲಿರಬೇಕು. ಆಸ್ಪತ್ರೆಯ ನೋಂದಣಿ ಕೌಂಟರ್ ಹತ್ತಿರ ಕ್ಯೂಆರ್ ಕೋಡ್ ಇರುತ್ತದೆ. ಸ್ಕ್ಯಾನ್ ಮಾಡಿದರೆ ನಿಮ್ಮ ಹೆಸರು, ವಯಸ್ಸು ಎಲ್ಲ ಕೌಂಟರಿನ ಕಂಪ್ಯೂಟರಿಗೆ ಹೋಗುತ್ತದೆ, ನಿಮಗೆ ಟೋಕನ್ ಬರುತ್ತದೆ. 2022ರಿಂದ ಇದೆ ಈ ವ್ಯವಸ್ಥೆ. ಆದರೂ ಬಾಣಂತಿಯರು, ವಯಸ್ಸಾದವರು ಹೆಸರು ಬರೆಸಲು ಗಂಟೆಗಟ್ಟಲೆ ನಿಂತಿರುತ್ತಾರೆ. ನೋಡಿದರೆ ಸಂಕಟವಾಗುತ್ತದೆ.

ಡಾಕ್ಟರಾಗಿ ನಾನು ಕೂರುವ ಓಪಿಡಿಗೆ, ಅಂದರೆ ಹೊರರೋಗಿ ವಿಭಾಗಕ್ಕೆ, ಒಬ್ಬ ಅಜ್ಜಿ ಬರುತ್ತಾರೆ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದೆ. ಹಳೇ ಚೀಟಿಗಳೆಲ್ಲ ಬಟ್ಟೆ ಅಂಗಡಿಯ ಒಂದು ಕವರ್‌ನಲ್ಲಿ. ಒಮ್ಮೆ ಮಳೆಗೆ ಕವರ್ ನೆನೆದು ಶಾಯಿಯೆಲ್ಲ ಹರಡಿತ್ತು. "ಯಾವ ಮಾತ್ರೆ ತಗೋತೀರಮ್ಮ?" ಅಂದೆ. "ಬಿಳೀದು ಒಂದು, ಗುಲಾಬಿದು ಅರ್ಧ ಸಾರ್." ಬಿಳೀ ಮಾತ್ರೆ ನೂರೆಂಟಿವೆ! ಮತ್ತೆ ರಕ್ತ ಪರೀಕ್ಷೆಗೆ ಬರೆದೆ. ರಿಪೋರ್ಟ್ ಬರುವಷ್ಟರಲ್ಲಿ ಓಪಿಡಿ ಮುಗಿದಿತ್ತು. ಪಾಪ, ಮಾರನೇ ದಿನ ಮತ್ತೆ ಬಸ್ಸು. ಆಗ ಜೊತೆಗೆ ಪಿಯುಸಿ ಓದುವ ಮೊಮ್ಮಗಳು ಬಂದಿದ್ದಳು. "ಫೋನ್ ತೆಗಿಯಮ್ಮ" ಅಂದೆ. ಬೆಂಚಿನ ಮೇಲೇ ಕೂತು ಆಭಾ ಮಾಡಿದಳು. ಓಟಿಪಿ ಹೋಗಿದ್ದು ಅಪ್ಪನ ಫೋನಿಗೆ. ಅಪ್ಪ ಟೊಮೆಟೊ ಮಂಡಿಯಲ್ಲಿ, ಹರಾಜಿನ ಕೂಗಾಟದ ನಡುವೆ! ಕಿರುಚಿ ಕಿರುಚಿ ನಂಬರ್ ಹೇಳಿದರು. ಈಗ ಅಜ್ಜಿಯ ರಿಪೋರ್ಟುಗಳು ಆಭಾ ನಂಬರಿಗೆ ಜೋಡಣೆಯಾಗಿವೆ. ಅವರು ಒಪ್ಪಿಗೆ ಕೊಟ್ಟರೆ ಸಾಕು, ನಾನು ನೋಡುತ್ತೇನೆ. ಕವರ್ ಹುಡುಕುವ ಹೊತ್ತಿನಲ್ಲಿ ಅವರ ಕಾಲಿನ ಗಾಯ ನೋಡಬಹುದು. ಅದಕ್ಕೇ ಹೇಳುವುದು, ಮನೆಯಲ್ಲೇ ಮಾಡಿಕೊಂಡು ಬನ್ನಿ.

ಸಮಯವಾಗುತ್ತಿದೆ, ವಿಮೆಯ ವಿಷಯ ಬೇಗ ಹೇಳುತ್ತೇನೆ. ಆಭಾ ವಿಮೆಯಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡೇ ಬೇರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅದರಲ್ಲಿ ಚಿಕಿತ್ಸೆ ಸಿಗುತ್ತದೆ. ಹೊರಗೆ ಕೊಂಡ ಮಾತ್ರೆಯ ಬಿಲ್ಲಿಗೆ ಅದನ್ನು ತೋರಿಸಿ ಜಗಳವಾಡಬೇಡಿ. ಖಾಸಗಿ ವಿಮೆ ಇದ್ದವರು ಪಾಲಿಸಿಯಲ್ಲಿ ಓಪಿಡಿ ಖರ್ಚು ಸೇರಿದೆಯೇ ನೋಡಿಕೊಳ್ಳಿ. ಸೇರಿದ್ದರೆ ಡಾಕ್ಟರ ಚೀಟಿ, ಬಿಲ್ಲು ಎರಡನ್ನೂ ಜೋಪಾನವಾಗಿಡಿ, ಕ್ಲೇಮ್‌ಗೆ ಬೇಕು.

ಓಟಿಪಿಯನ್ನು ಮನೆಯವರಲ್ಲದೆ ಯಾರಿಗೂ ಹೇಳಬೇಡಿ. ಫೋನು ಬಳಸಲು ಬಾರದವರು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಸೋಮವಾರ ಓಪಿಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಈ ಭಾನುವಾರವೇ ಕೂತು ಮನೆಮಂದಿಗೆಲ್ಲ ಆಭಾ ಮಾಡಿಬಿಡಿ. ನಮಸ್ಕಾರ.