ಹಾರಿಹೋದ ಬೂದಿಯನ್ನು ಹಿಡಿಯುವುದು

ಎಲ್ಲರಿಗೂ ನಮಸ್ಕಾರ.

ಕಟ್ಟಿಗೆ ಉರಿದರೆ ಬೂದಿ ಒಲೆಯಲ್ಲೇ ಉಳಿಯುತ್ತದೆ ಅನ್ನುತ್ತೇವೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಇಂಗಾಲದ ಬೂದಿ ಒಲೆಯಲ್ಲಿ ಉಳಿಯುವುದಿಲ್ಲ, ಗಾಳಿಗೆ ಹಾರಿಹೋಗುತ್ತದೆ. 12 ಕಿಲೋ ಇಂಗಾಲ ಪೂರ್ತಿ ಉರಿದರೆ 44 ಕಿಲೋ ಇಂಗಾಲದ ಡೈಆಕ್ಸೈಡ್. ಕೊಡಬೇಕಾದ ಶಾಖವನ್ನೆಲ್ಲ ಕೊಟ್ಟು ಮುಗಿಸಿದ ಅಣು ಅದು. ಅದರಿಂದ ಮತ್ತೆ ಏನನ್ನಾದರೂ ಕಟ್ಟಬೇಕೆಂದರೆ ಶಕ್ತಿಯನ್ನು ನಾವೇ ಹೊರಗಿನಿಂದ ತರಬೇಕು.

1969ರಲ್ಲಿ ಜಪಾನಿನ ಶೋಹೆಯ್ ಇನೋಯೆ ಮತ್ತು ಸಂಗಡಿಗರು ಆ ಶಕ್ತಿಯನ್ನು ಒಂದು ಉಂಗುರದಲ್ಲಿ ಕಂಡುಕೊಂಡರು. ಎಪಾಕ್ಸೈಡ್ ಎಂಬ ಅಣುವಿನಲ್ಲಿ ಎರಡು ಇಂಗಾಲ, ಒಂದು ಆಮ್ಲಜನಕ ಸೇರಿ ತ್ರಿಕೋನವಾಗಿರುತ್ತವೆ. ಸುಮಾರು 109 ಡಿಗ್ರಿ ಕೋನ ಬಯಸುವ ಬಂಧಗಳು ಅಲ್ಲಿ 60 ಡಿಗ್ರಿಗೆ ಬಾಗಿ ಕೂತಿವೆ, ಹೆದೆಯೇರಿಸಿದ ಬಿಲ್ಲಿನಂತೆ. ಉಂಗುರ ಬಿಚ್ಚಿದಾಗ ಸಿಗುವ ಆ ಬಿಗುವೇ ಸುಸ್ತಾದ ಇಂಗಾಲದ ಡೈಆಕ್ಸೈಡನ್ನು ಪಾಲಿಮರ್ ಎಂಬ ಉದ್ದನೆಯ ಅಣುಸರಪಳಿಯೊಳಕ್ಕೆ ಎಳೆಯುತ್ತದೆ. ಡೈಎಥಿಲ್ ಜಿಂಕ್ ಎಂಬ ಸತುವಿನ ಸಂಯುಕ್ತ ಮತ್ತು ನೀರು ಬೆರೆಸಿದ ವೇಗವರ್ಧಕದಿಂದ ಅವರು ಇದನ್ನು ಸಾಧಿಸಿದರು.

ವೇಗವರ್ಧಕದ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಇಡೀ ವಿಷಯದ ಸೊಗಸು ಅಲ್ಲಿದೆ. ಸತುವಿಗೆ ಅಂಟಿದ ಸರಪಳಿಯ ತುದಿಯಲ್ಲಿ ಒಂದು ಆಮ್ಲಜನಕ ಕಾದಿರುತ್ತದೆ. ಇಂಗಾಲದ ಡೈಆಕ್ಸೈಡ್ ಆ ಸತು ಮತ್ತು ಆಮ್ಲಜನಕದ ನಡುವೆ ನುಸುಳುತ್ತದೆ. ತುದಿ ಈಗ ಕಾರ್ಬೊನೇಟ್, ಒಂದು ಇಂಗಾಲದ ಸುತ್ತ ಮೂರು ಆಮ್ಲಜನಕದ ಗುಂಪು. ಅದು ಪಕ್ಕದ ಎಪಾಕ್ಸೈಡಿನ ಉಂಗುರ ಬಿಚ್ಚುತ್ತದೆ, ತುದಿ ಮತ್ತೆ ಮೊದಲಿನಂತಾಗುತ್ತದೆ. ಒಂದು ಅದು, ಒಂದು ಇದು, ಹೂವು ಪತ್ರೆ ಸೇರಿಸಿ ಮಾಲೆ ಕಟ್ಟಿದ ಹಾಗೆ. ತಪ್ಪಿ ಎರಡು ಎಪಾಕ್ಸೈಡ್ ಒಟ್ಟಿಗೆ ಸೇರಿದರೆ ಮಾಲೆಯಲ್ಲಿ ನಾವು ಹಿಡಿದ ಅನಿಲದ ಪಾಲು ಇಳಿಯುತ್ತದೆ. ಶಾಖ ಹೆಚ್ಚಾದರೆ ಸರಪಳಿಯ ತುದಿ ಹಿಂದಕ್ಕೆ ತಿರುಗಿ ತನ್ನನ್ನೇ ಕಚ್ಚುತ್ತದೆ. ಐದು ಮೂಲೆಯ ಸಣ್ಣ ಉಂಗುರಗಳು ಕಳಚಿ ಬೀಳುತ್ತವೆ. ಈ ಎರಡು ತಪ್ಪುಗಳನ್ನು ತಡೆಯುವುದಕ್ಕೇ ಹಲವು ಸಂಶೋಧಕರು ತಮ್ಮ ವರ್ಷಗಳನ್ನು ಕೊಟ್ಟಿದ್ದಾರೆ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಜೆಫ್ರಿ ಕೋಟ್ಸ್ ಅವರ ತಂಡ ಸತುವಿನ ಸುತ್ತ ದೊಡ್ಡ ಸಾವಯವ ಅಣುವಿನ ಬೇಲಿ ಹಾಕಿ ವೇಗ, ಅಚ್ಚುಕಟ್ಟು ಎರಡನ್ನೂ ಬಹಳ ಹೆಚ್ಚಿಸಿತು.

ಹೀಗೆ ಸಿಗುವ ಪಾಲಿಪ್ರೊಪಿಲೀನ್ ಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನ ತೂಕದಲ್ಲಿ ಶೇ 43ರಷ್ಟು ಇಂಗಾಲದ ಡೈಆಕ್ಸೈಡ್. ಹಾಸಿಗೆಯ ಫೋಮಿಗೆ ಬೇಕಾದ ಇಂಥದೇ ಗಿಡ್ಡ ಸರಪಳಿಗಳನ್ನು ತಯಾರಿಸುವ ಕಾರ್ಖಾನೆಯೊಂದು 2016ರಲ್ಲಿ ಜರ್ಮನಿಯ ಡೋರ್ಮಾಗೆನ್‌ನಲ್ಲಿ ಶುರುವಾಯಿತು.

ಈಗ ಗಣಿತ. ಜಗತ್ತು ವರ್ಷಕ್ಕೆ ಸುಮಾರು 40 ಕೋಟಿ ಟನ್ ಪ್ಲಾಸ್ಟಿಕ್ ತಯಾರಿಸುತ್ತದೆ. ಅಷ್ಟನ್ನೂ ಈ ವಿಧಾನದಲ್ಲೇ ಮಾಡಿದೆವು ಅಂದುಕೊಳ್ಳಿ, 17 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಒಳಗೆ ಸೇರುತ್ತದೆ. ಕಲ್ಲಿದ್ದಲು, ತೈಲ, ನೈಸರ್ಗಿಕ ಅನಿಲ ಉರಿಸಿ ನಾವು ಹೊರಬಿಡುವುದು ವರ್ಷಕ್ಕೆ 3,500 ಕೋಟಿ ಟನ್ನಿಗೂ ಹೆಚ್ಚು. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಇನ್ನೊಂದು ತೊಡಕೂ ಇದೆ. ಮಣ್ಣಿನಲ್ಲಿ ಕೊಳೆಯುವ ಪ್ಲಾಸ್ಟಿಕ್ ಬೇಕು ಎನ್ನುತ್ತೇವೆ, ಕೊಳೆತರೆ ಹಿಡಿದಿಟ್ಟ ಇಂಗಾಲ ವಾಪಸು ಗಾಳಿಗೇ. ಹಾಗಾಗಿ ಈ ಪಾಲಿಮರನ್ನು ಇಂಗಾಲದ ಉಗ್ರಾಣ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಅದರ ನಿಜವಾದ ಲಾಭ, ತೈಲದಿಂದ ಬರಬೇಕಿದ್ದ ಕಚ್ಚಾವಸ್ತುವಿನ ಒಂದು ಪಾಲು ಉಳಿಯುತ್ತದೆ ಎಂಬುದು.

ಉಗ್ರಾಣ ಬಂಡೆಯಲ್ಲಿದೆ. ಐಸ್‌ಲ್ಯಾಂಡಿನ ಕಾರ್ಬ್‌ಫಿಕ್ಸ್ ಯೋಜನೆಯವರು 2012ರಲ್ಲಿ ಈ ಅನಿಲವನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಶಿಲೆಯೊಳಕ್ಕೆ ಇಳಿಸಿದರು. ಹುಳಿಯಾದ ಆ ನೀರು ಶಿಲೆಯಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣವನ್ನು ಬಿಡಿಸಿತು, ಇಂಗಾಲ ಅವುಗಳ ಜೊತೆ ಸೇರಿ ಕಲ್ಲಾಯಿತು. ಶೇ 95ಕ್ಕಿಂತ ಹೆಚ್ಚು ಭಾಗ ಎರಡು ವರ್ಷದೊಳಗೇ ಕಲ್ಲಾಗಿತ್ತು ಎಂದು 2016ರಲ್ಲಿ ಪ್ರಕಟವಾದಾಗ, ಶತಮಾನಗಳು ಬೇಕೆಂದು ನಂಬಿದ್ದವರಿಗೆಲ್ಲ ಅಚ್ಚರಿ. ಒಂದು ಟನ್ ಅನಿಲಕ್ಕೆ 20 ಟನ್ನಿಗೂ ಮೀರಿದ ನೀರು ಬೇಕು ಎಂಬುದನ್ನೂ ಹೇಳಬೇಕು.

ಆದರೆ ಬಂಡೆಯವರೆಗೆ ಒಯ್ಯಲು ಮೊದಲು ಅದು ಕೈಗೆ ಸಿಗಬೇಕಲ್ಲ? ಗಾಳಿಯ 10,000 ಅಣುಗಳಲ್ಲಿ ನಮಗೆ ಬೇಕಾದವು ಸುಮಾರು 4. ಪಾಲಿಮರಿಗೆ ನಾನು ಕೊಡಬಯಸುವ ಕೆಲಸ ಇದು: ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು. ಅಮೀನುಗಳು, ಅಂದರೆ ಸಾರಜನಕವಿರುವ ಸಾವಯವ ಅಣುಗಳು, ಈ ಅನಿಲವನ್ನು ಹಿಡಿಯುತ್ತವೆ ಎಂಬುದು ಹಳೆಯ ತಿಳಿವು, 1930ರಲ್ಲೇ ಪೇಟೆಂಟ್ ಆಗಿದೆ. ಆಗ ಅವು ನೀರಿನಲ್ಲಿದ್ದವು, ಅನಿಲ ಬಿಡಿಸಲು ಅಷ್ಟೂ ನೀರನ್ನು ಕಾಯಿಸಬೇಕಿತ್ತು. ಅದೇ ಅಮೀನುಗಳನ್ನು ಪಾಲಿಮರಿನ ಉದ್ದಕ್ಕೂ ಪೋಣಿಸಿ, ರಂಧ್ರಗಳಿರುವ ಘನದೊಳಗೆ ಲೇಪಿಸಿದರೆ ನೀರು ಕಾಯಿಸುವ ಖರ್ಚು ತಪ್ಪುತ್ತದೆ. ಸುಮಾರು 100 ಡಿಗ್ರಿ ಶಾಖಕ್ಕೆ ಅನಿಲ ಬಿಟ್ಟುಕೊಡುತ್ತದೆ, ತಣಿದ ಮೇಲೆ ಮತ್ತೆ ಸಿದ್ಧ.

ಇಂಥ ವಸ್ತು ಸಾವಿರಾರು ಸಲ ಬಿಸಿಯಾಗಿ ತಣಿಯಬೇಕು. ಪ್ರತಿ ಸಲವೂ ಗಾಳಿಯ ಆಮ್ಲಜನಕ ಅಮೀನಿನ ಪಕ್ಕದ ಇಂಗಾಲವನ್ನು ಒಂದಿಷ್ಟು ತಿನ್ನುತ್ತದೆ, ಹಿಡಿತ ಸಡಿಲವಾಗುತ್ತದೆ. ಆ ಒಂದು ಬಂಧವನ್ನು ಕಾಪಾಡುವುದು ಹೇಗೆ ಎಂಬುದೇ ಈಗ ನನಗೆ ಅತ್ಯಂತ ಮುಖ್ಯ ಎನಿಸುವ ಪ್ರಶ್ನೆ. ನಿಮ್ಮ ಪ್ರಶ್ನೆಗಳಿದ್ದರೆ ಅಲ್ಲಿಂದಲೇ ಶುರು ಮಾಡೋಣ.